ಹೂಳೆತ್ತುವ ಹೊತ್ತು



ಗದಗ ಸೀಮೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಗುಡಿಗಳಿಂದ ಆರಂಭಿಸುತ್ತಾರೆ. ಗದುಗಿನ ವೀರನಾರಾಯಣ ಮತ್ತು ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ, ಡಂಬಳದ ದೊಡ್ಡಬಸಪ್ಪ, ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇವುಗಳ ಹೆಸರು ಮೊದಲು ಬರುತ್ತದೆ. ಇದೇ ಚರಿತ್ರೆಯನ್ನು ನೀರಿನಿಂದಲೂ ಹೇಳಬಹುದು. ಲಕ್ಕುಂಡಿಯ ಮುಸುಕಿನ ಬಾವಿ, ಡಂಬಳದ ಕೆರೆ ಮತ್ತು ಜಪದ ಬಾವಿ, ಗದುಗಿನ ಭೀಷ್ಮ ಕೆರೆ, ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಶಿರಹಟ್ಟಿ ಬಳಿಯ ಮಾಗಡಿ ಕೆರೆ, ಇವೆಲ್ಲ ಮಳೆ ಕಡಿಮೆಯಾದ ನೆಲದಲ್ಲಿ ಬದುಕಲು ಜನ ಮಾಡಿಕೊಂಡ ಏರ್ಪಾಡುಗಳು. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು.

ನೀರು ಊರಿಗೆ ಬಂದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬಳಸಿದ ನೀರು ಊರಿನಿಂದ ಹೇಗೆ ಹೋಗುತ್ತದೆ, ಹೋದ ಮೇಲೆ ಏನಾಗುತ್ತದೆ ಎಂಬ ಕಥೆಯನ್ನು ಹೇಳುವವರು ಕಡಿಮೆ. ಬಚ್ಚಲ ನೀರು ಗಟಾರ ಸೇರಿದ ಕೂಡಲೇ ಅದರ ಚಿಂತೆ ಮುಗಿಯಿತೆಂದು ಭಾವಿಸುವುದು ರೂಢಿ. ನಿಜವಾದ ಕೆಲಸ ಆರಂಭವಾಗುವುದು ಅಲ್ಲಿಂದಲೇ.

ಹಳೆಯ ಕಾಲದವರಿಗೆ ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟವೆಂದು ತಿಳಿದಿತ್ತು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಎಣಿಸುತ್ತದೆ. ಕೆರೆ ಕಟ್ಟಿದವರಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿದವರಿಗೆ ಭೂಮಿ ಬಿಟ್ಟುಕೊಡುವ ದಶವಂದ, ಕಟ್ಟುಕೊಡಗಿ ಮುಂತಾದ ಪದ್ಧತಿಗಳು ಕರ್ನಾಟಕದ ಶಾಸನಗಳಲ್ಲಿ ಕಾಣುತ್ತವೆ. ಹೂಳು ಹೊರುವ ಬಂಡಿಗಳ ವೆಚ್ಚಕ್ಕೆಂದೇ ದತ್ತಿ ಬಿಟ್ಟದ್ದೂ ಉಂಟು. ಅಂದರೆ ಕೆರೆ ಕಟ್ಟುವಾಗಲೇ ಮುಂದಿನ ದುರಸ್ತಿಯ ಖರ್ಚಿಗೆ ದಾರಿ ಮಾಡಿರುತ್ತಿದ್ದರು.

ಕೆರೆಗೆ ಇನ್ನೊಂದು ಅನುಕೂಲವಿತ್ತು. ಬೇಸಿಗೆ ಬಂದರೆ ಅದು ತಾನೇ ಬತ್ತುತ್ತಿತ್ತು. ಆಗ ತೂಬು ನೋಡಬಹುದು, ಏರಿ ಭದ್ರಪಡಿಸಬಹುದು, ಹೂಳು ತೆಗೆದು ಹೊಲಕ್ಕೆ ಹಾಕಬಹುದು. ರಿಪೇರಿಯ ರಜೆಯನ್ನು ಋತುವೇ ಕೊಡುತ್ತಿತ್ತು. ಕೊಳಚೆ ನೀರಿನ ಸಂಸ್ಕರಣಾ ಘಟಕಕ್ಕೆ ಆ ಭಾಗ್ಯವಿಲ್ಲ. ಯುಗಾದಿಗೂ ನೀರು ಬರುತ್ತದೆ, ನಡುರಾತ್ರಿಗೂ ಬರುತ್ತದೆ. ಆದ್ದರಿಂದ ಅಲ್ಲಿ ಬಿಡುವನ್ನು ಮನುಷ್ಯರೇ ಯೋಜಿಸಿ ಮಾಡಿಕೊಳ್ಳಬೇಕು.

ಬರುವ ನೀರಿನ ಲೆಕ್ಕ ನೋಡಿ. ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ದೇಶದ ಮಾನದಂಡ. ಅದರಲ್ಲಿ ಸುಮಾರು ಶೇಕಡಾ 80ರಷ್ಟು ಕೊಳಚೆಯಾಗಿ ಮರಳುತ್ತದೆಂದು ಎಂಜಿನಿಯರುಗಳು ಎಣಿಸುತ್ತಾರೆ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ 1 ಲಕ್ಷ 72 ಸಾವಿರವನ್ನು ದಾಟಿತ್ತು. ಮಾನದಂಡದಷ್ಟು ನೀರು ದೊರೆತರೆ ಅವಳಿ ನಗರದಿಂದ ಹೊರಬೀಳುವ ಕೊಳಚೆ ದಿನಕ್ಕೆ ಸುಮಾರು 1 ಕೋಟಿ 85 ಲಕ್ಷ ಲೀಟರ್. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ತುಂಗಭದ್ರೆಗೆ ಬ್ಯಾರೇಜ್ ಕಟ್ಟಿ, ಅಷ್ಟು ದೂರದಿಂದ ಎತ್ತಿ ತರುವ ನೀರು ಇದು. ಒಮ್ಮೆ ಬಳಸಿ ಚೆಲ್ಲಿಬಿಡುವುದು ಈ ಸೀಮೆಗೆ ದುಬಾರಿ. ನೀರಿನ ಬವಣೆಗೆ ಹೆಸರಾದ ಊರುಗಳಲ್ಲಿ ಇನ್ನೊಂದು ತೊಡಕೂ ಇದೆ. ಕೊಳವೆಯಲ್ಲಿ ನೀರು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ವೇಗದಲ್ಲಾದರೂ ಹರಿದರೆ ಮಾತ್ರ ಕಸ ತಳಕ್ಕೆ ಕೂರುವುದಿಲ್ಲ. ನಳದ ನೀರು ದಿನಗಟ್ಟಲೆ ಬಾರದಿದ್ದರೆ ಒಳಚರಂಡಿಯ ಹರಿವು ಸೊರಗಿ ಹೂಳು ಕಟ್ಟುತ್ತದೆ. ಹಾಗಾಗಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಉತ್ತರ ಕರ್ನಾಟಕ ನಗರ ಯೋಜನೆಯಲ್ಲಿ ಗದಗ-ಬೆಟಗೇರಿಯೂ ಸೇರಿ ಹಲವು ಊರುಗಳು ಸೇರ್ಪಡೆಯಾದಾಗ ಕೆಲಸ ಅರ್ಧವಷ್ಟೇ ಆದಂತಾಯಿತು. ಹೂತ ಕೊಳವೆಯನ್ನು ನೋಡಿಕೊಳ್ಳುವುದು ಉಳಿದರ್ಧ.

ಕೊಳಚೆಯನ್ನು ತಿಳಿಗೊಳಿಸುವ ಈಗಿನ ವಿಧಾನಗಳಲ್ಲಿ ಮುಖ್ಯವಾದದ್ದು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ರೂಪುಗೊಂಡಿತು. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು ಕೊಳಚೆಗೆ ಗಾಳಿ ಊದಿದರು. ಮೊದಲ ಸಲ ನೀರು ತಿಳಿಯಾಗಲು ಸುಮಾರು ಐದು ವಾರ ಹಿಡಿಯಿತು. ತಳದಲ್ಲಿ ಕೂತ ಗಸಿಯನ್ನು ಎಸೆಯದೆ ಅದರ ಮೇಲೆಯೇ ಹೊಸ ಕೊಳಚೆ ಸುರಿದು ಗಾಳಿ ಊದುತ್ತ ಹೋದರು. ಪ್ರತಿ ಸಲವೂ ಅವಧಿ ಇಳಿದು ಕೊನೆಗೆ ಒಂದು ದಿನದೊಳಗೆ ಬಂತು. ಅವರಿಗೆ ಮಾರ್ಗದರ್ಶನ ನೀಡಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಹೀಗೆ ಈ ವಿದ್ಯೆಗೂ ಕನ್ನಡ ನಾಡಿಗೂ ಆರಂಭದಲ್ಲೇ ನಂಟು ಬೆಳೆಯಿತು.

ಇದರ ಮರ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪು. ಘಟಕದ ಗಸಿಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಗಾಳಿ ಸಿಕ್ಕರೆ ಅವು ನೀರಿನ ಹೊಲಸನ್ನು ತಿಂದು ಬೆಳೆಯುತ್ತವೆ. ಬರುವ ನೀರಿನಿಂದ ಮೊದಲು ಜಾಲರಿಯಲ್ಲಿ ಬಟ್ಟೆ, ಪ್ಲಾಸ್ಟಿಕ್ ತೆಗೆಯುತ್ತಾರೆ. ಮುಂದಿನ ತೊಟ್ಟಿಯಲ್ಲಿ ಮರಳು ಕೂರುತ್ತದೆ. ಆಮೇಲೆ ಗಾಳಿಯ ತೊಟ್ಟಿ. ಕೊನೆಗೆ ತಿಳಿಯಾಗಿಸುವ ತೊಟ್ಟಿಯಲ್ಲಿ ಗಸಿ ಕೆಳಗಿಳಿದು ನೀರು ಮೇಲೆ ನಿಲ್ಲುತ್ತದೆ. ಗಸಿಯ ಒಂದು ಪಾಲು ಹೆಪ್ಪಾಗಿ ಹಿಂದಕ್ಕೆ ಹೋಗುತ್ತದೆ, ಮಿಕ್ಕದ್ದು ಒಣಗಲು ಹೋಗುತ್ತದೆ.

ಇಷ್ಟೆಲ್ಲ ಸರಾಗವಾಗಿ ನಡೆಯುತ್ತಿರುವಾಗ ಯಾರಿಗೂ ಕಾಣದಂತೆ ಕೆಡುಕು ಕೂಡುತ್ತಿರುತ್ತದೆ. ಜಾಲರಿ ದಾಟಿದ ಮರಳು ಗಾಳಿಯ ತೊಟ್ಟಿಯ ತಳದಲ್ಲಿ ಸೇರಿ ಜಾಗ ತಿನ್ನುತ್ತದೆ. ಗಾಳಿ ಹೊರಬರುವ ರಬ್ಬರ್ ಪೊರೆಗಳ ಸಣ್ಣ ರಂಧ್ರಗಳಿಗೆ ಲೋಳೆ ಕಟ್ಟುತ್ತದೆ. ಬ್ಲೋವರ್ ಯಂತ್ರ ಅದೇ ವಿದ್ಯುತ್ತಿಗೆ ಕಡಿಮೆ ಗಾಳಿ ಕೊಡತೊಡಗುತ್ತದೆ. ಕೊಳೆತ ಕೊಳಚೆಯಿಂದೇಳುವ ಹೈಡ್ರೋಜನ್ ಸಲ್ಫೈಡ್ ಕಾಂಕ್ರೀಟನ್ನೂ ಕಬ್ಬಿಣವನ್ನೂ ಕೊರೆಯುತ್ತದೆ. ಯಂತ್ರ ತಾನಾಗಿ ಕೆಟ್ಟು ನಿಂತರೆ ಗಾಳಿಯಿಲ್ಲದೆ ಜೀವಿಗಳು ಸಾಯುತ್ತವೆ, ಹೊಸ ಹೆಪ್ಪು ಬೆಳೆಯಲು ವಾರಗಳೇ ಬೇಕು. ಅಷ್ಟು ದಿನವೂ ಕೊಳಚೆ ಕೊಳಚೆಯಾಗಿಯೇ ಹಳ್ಳಕ್ಕೆ ಹೋಗುತ್ತದೆ.

ಅದಕ್ಕೇ ಯೋಜಿತ ನಿರ್ವಹಣೆ ಬೇಕು. ಒಳ್ಳೆಯ ಘಟಕದಲ್ಲಿ ತೊಟ್ಟಿಗಳು ಜೋಡಿಯಾಗಿರುತ್ತವೆ. ಒಂದನ್ನು ಖಾಲಿ ಮಾಡಿದಾಗ ಇನ್ನೊಂದು ಹೊರೆ ಹೊರುತ್ತದೆ. ಮಳೆನೀರು ನುಗ್ಗದ ಕಾಲವನ್ನು ಆರಿಸುತ್ತಾರೆ. ಕಡು ಬೇಸಿಗೆ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಜೀವಿಗಳು ಮಾತ್ರ ಹೆಚ್ಚು ಬೇಡುತ್ತವೆ. ಬಿಡಿಭಾಗಗಳೆಲ್ಲ ಕೈಗೆ ಬಂದ ಮೇಲಷ್ಟೇ ಬಾಗಿಲು ಮುಚ್ಚುತ್ತಾರೆ. ತೊಳೆದು, ಪೊರೆ ಬದಲಿಸಿ, ಬಿರುಕು ಮುಚ್ಚಿ, ಪಕ್ಕದ ತೊಟ್ಟಿಯಿಂದ ಹೆಪ್ಪು ತಂದು ಮತ್ತೆ ಆರಂಭಿಸುತ್ತಾರೆ.

ಇದು ಎಂಜಿನಿಯರುಗಳ ಮನೆಯ ವಿಚಾರವಷ್ಟೇ ಎಂದು ತಿಳಿಯಬಾರದು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಅದರ ಗುರಿ ದಿನಕ್ಕೆ 44 ಕೋಟಿ ಲೀಟರ್. ಕೆಲವೇ ವಾರಗಳಲ್ಲಿ, ಆ ವರ್ಷದ ಜುಲೈನಲ್ಲಿ, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ಪಂಪಿಂಗ್ ನಿಂತಿತು, ವಿಷಯ ನ್ಯಾಯಾಲಯಕ್ಕೂ ಹೋಯಿತು. ನೀರು ಮತ್ತೆ ಹರಿದು ಕೆರೆಗಳು ತುಂಬಿದರೂ ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ರೈತರ ಬೇಡಿಕೆ ನಿಲ್ಲಲಿಲ್ಲ. ಘಟಕ ಎಷ್ಟು ನಂಬಿಕೆಗೆ ಅರ್ಹವೋ ಅದರ ನೀರೂ ಅಷ್ಟೇ. ಹತ್ತಿರದ ಹುಬ್ಬಳ್ಳಿ-ಧಾರವಾಡದ ಹೊರವಲಯದಲ್ಲಿ ಹಳ್ಳದ ಕೊಳಚೆಯನ್ನೇ ಎತ್ತಿ ತರಕಾರಿ ಬೆಳೆದ ರೈತರ ವಿಚಾರವನ್ನು ಸಂಶೋಧಕರು ದಾಖಲಿಸಿದ್ದಾರೆ. ಅವರಿಗೆ ಅದು ವರ್ಷವಿಡೀ ಸಿಗುವ ಗೊಬ್ಬರದ ನೀರೂ ಹೌದು, ರೋಗದ ಮೂಲವೂ ಹೌದು.

ಎಲ್ಲಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ಕೆಲಸವನ್ನು ಮುಂದೂಡಿ ಮುಂದೂಡಿ ಕೊಳವೆ ಕಟ್ಟಿಕೊಂಡಾಗ, ಅವಸರದಲ್ಲಿ ಒಬ್ಬ ಬಡವನನ್ನು ಮ್ಯಾನ್‌ಹೋಲಿಗೆ ಇಳಿಸುವ ಕೆಟ್ಟ ಚಾಳಿ ದೇಶದಲ್ಲಿ ಬೆಳೆದು ಬಂತು. ಹೈಡ್ರೋಜನ್ ಸಲ್ಫೈಡ್ ಕೊಂಚವಿದ್ದರೆ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಹೋಯಿತೆಂದುಕೊಂಡವನು ಅಲ್ಲೇ ಕುಸಿಯುತ್ತಾನೆ. ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದನ್ನು ನಿಷೇಧಿಸಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಹೋರಾಟದ ಮುಂದಾಳು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರು. ದಿನ ಗೊತ್ತುಮಾಡಿ, ಗಾಳಿ ಪರೀಕ್ಷಿಸಿ, ಯಂತ್ರದಿಂದ ಮಾಡುವ ಕೆಲಸದಲ್ಲಿ ಈ ಸಾವುಗಳನ್ನು ತಪ್ಪಿಸಬಹುದು.

ಒಳಚರಂಡಿ ಮುಟ್ಟದ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಮುಂಡರಗಿಯಾಗಲಿ ಶಿರಹಟ್ಟಿಯಾಗಲಿ ಲಕ್ಷ್ಮೇಶ್ವರವಾಗಲಿ, ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರು ಎರಡು-ಮೂರು ವರ್ಷಕ್ಕೊಮ್ಮೆ ಅದನ್ನು ಯಂತ್ರದಿಂದ ಬರಿದು ಮಾಡಿಸಬೇಕು. ತುಂಬಿ ಉಕ್ಕುವವರೆಗೆ ಕಾಯ್ದರೆ ಹೊಲಸು ಅಂತರ್ಜಲ ಸೇರುತ್ತದೆ. ಹೀಗೆ ತೆಗೆದ ಮಲದ ಗಸಿಯನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾಯಿತು. ಸಣ್ಣ ಊರುಗಳಿಗೆ ಅದು ನೋಡಿ ಕಲಿಯಬಹುದಾದ ಮಾದರಿ.

ಘಟಕ ಕಟ್ಟಲು ಸಾಲವೋ ಅನುದಾನವೋ ದೊರೆಯುತ್ತದೆ, ಉದ್ಘಾಟನೆಗೆ ಫಲಕವೂ ಬೀಳುತ್ತದೆ. ಪೊರೆ ಬದಲಿಸುವ, ಮರಳು ಎತ್ತುವ ಖರ್ಚು ಮಾತ್ರ ವರ್ಷ ವರ್ಷವೂ ಊರಿನ ತೆರಿಗೆಯಿಂದಲೇ ಬರಬೇಕು. ಹೂಳಿನ ಬಂಡಿಗೆ ದತ್ತಿ ಬಿಟ್ಟವರು ಈ ಲೆಕ್ಕವನ್ನು ಅರಿತಿದ್ದರು. ಇಂದಿನ ಊರುಗಳು ಮಾಡಬೇಕಾದದ್ದು ಮೂರು. ನಿರ್ವಹಣೆಯ ಹಣವನ್ನು ಬಜೆಟ್ಟಿನಲ್ಲಿ ಬೇರೆಯಾಗಿ ಇಡಬೇಕು. ಘಟಕ ನಿಲ್ಲುವ ದಿನಗಳನ್ನು ಹಳ್ಳದ ಕೆಳಗಿನ ರೈತರಿಗೆ ಮುಂಚಿತವಾಗಿ ತಿಳಿಸಬೇಕು. ಕೆಲಸಕ್ಕೆ ಇಳಿಯುವವರ ಜೀವದ ಹೊಣೆಯನ್ನು ಕಾಗದದ ಮೇಲೆ ಒಬ್ಬ ಅಧಿಕಾರಿಯ ಹೆಸರಿಗೆ ಬರೆದಿಡಬೇಕು. ನಾಗರಿಕರ ಪಾಲಿಗೂ ಒಂದು ಕೆಲಸವಿದೆ. ಬಟ್ಟೆ, ಪ್ಲಾಸ್ಟಿಕ್, ಕರಿದ ಎಣ್ಣೆಗಳನ್ನು ಬಚ್ಚಲಿಗೆ ಹಾಕದಿದ್ದರೆ ಆ ಹೂಳಿನ ಒಂದಷ್ಟು ಭಾಗ ಮನೆಯಲ್ಲೇ ನಿಲ್ಲುತ್ತದೆ.