ಮೊದಲು ವಿಚಾರಣೆ



ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೆದವನು ನಾನು. ಕದ್ದವನನ್ನು ಅಂದೇ ಹೊರಗಟ್ಟಿ ಎನ್ನುವವರೇ ಹೆಚ್ಚು. ಮೊಳಕಾಲ್ಮೂರಿನ ಮಗ್ಗದವರನ್ನು ಕೇಳಿ: ರೇಷ್ಮೆ ತೂಗಿ ಕೊಟ್ಟು ಸೀರೆ ತೂಗಿ ಪಡೆಯುವಾಗ, ನೂಲಿನ ತೇವ ಆರಿದರೂ ತೂಕ ತಗ್ಗುತ್ತದೆ. ಅದಕ್ಕೇ ಮೊದಲು ಆರೋಪಪತ್ರ, ಆಮೇಲೆ ವಿಚಾರಣೆ.

ಸಾಬೀತಾದರೆ ಕೆಲಸ ಹೋಗುತ್ತದೆ. 1972ರ ಕಾಯ್ದೆಯಂತೆ ಗ್ರಾಚ್ಯುಟಿಯನ್ನೂ ತಡೆಯಬಹುದಿತ್ತು. ಸಂಬಳದಲ್ಲಿ ಹಿಡಿದ ಭವಿಷ್ಯನಿಧಿಯನ್ನು ಮಾತ್ರ ಮಾಲೀಕರು ಮುಟ್ಟುವಂತಿಲ್ಲ.

ನಮ್ಮಲ್ಲಿ ಶೇಂಗಾ ತೂಗುತ್ತಿದ್ದ ಹಳೆಯ ಆಳೊಬ್ಬನ ಲೆಕ್ಕದಲ್ಲಿ ಕಾಳು ಕಡಿಮೆ ಬಂತು. ವಿಚಾರಣೆಯಲ್ಲಿ ಅವನು ಕೇಳಿದ್ದು ಇಷ್ಟೇ: "ತಕ್ಕಡಿ ನೋಡಿದ್ದೀರಾ, ಸ್ವಾಮಿ?" ನೋಡಿಸಿದೆವು, ಸರಿಯಾಗಿಯೇ ಇತ್ತು. ಚೀಲ ಸಾಗಿಸಿದ ಗಾಡಿಯವನೂ ಒಪ್ಪಿಕೊಂಡ. ಕೆಲಸ ಹೋಯಿತು. ಅವನ ಭವಿಷ್ಯನಿಧಿಯ ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಕೆಲವರು ಮುಖ ತಿರುಗಿಸಿದರು. ಆ ಹಣ ಮಗಳ ಓದಿಗಾಯಿತು.