ಕೊನೆಯ ಮಾತು ಕನ್ನಡದಾಗ

ನಮ್ಮ ಲಿಂಗಾಯತ ಮನೆಗಳಲ್ಲಿ ಯಾರಾದರೂ ಲಿಂಗೈಕ್ಯರಾದರೆ ನಸುಕಿನ್ಯಾಗ ಅಯ್ಯನವರ ಫೋನು ಬಡಕೊಳ್ತದ. ವಿಭೂತಿ, ಬಿಲ್ವಪತ್ರಿ ತಗೊಂಡು ಹೊರಡ್ತಾರ. ನಾವು ಸುಡೋದಿಲ್ಲ, ಕುಣಿಯೊಳಗ ಕೂಡ್ರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಕೊಡ್ತೀವಿ. ಮಧ್ಯಾಹ್ನ ಮಿರಜ, ಸಂಜೀಕೆ ಸಾಂಗ್ಲಿ. ಅವರು ಮನಿ ಮುಟ್ಟೂದ್ರಾಗ ರಾತ್ರಿ ಆಗಿರ್ತದ.

ಮೊನ್ನೆ ಕುಣಿಯ ಮುಂದ ಅಯ್ಯನವರು ವಚನ ಹೇಳಿದಾಗ ತೀರಿಹೋದ ಅಜ್ಜನ ಮೊಮ್ಮಗ ನಮ್ಮನ್ನ ಕೇಳಿದ: "ಕಾಯ ಮ್ಹಣಾಲೆ?" ಅಜ್ಜ ಆಯುಷ್ಯಪೂರ್ತಿ ಆಡಿದ ಭಾಷೆಯನ್ನ ಅವನಿಗೆ ಮರಾಠಿಯೊಳಗ ತಿಳಿಸಿ ಹೇಳಿದಿವಿ.

1956ರಾಗ ಬೆಳಗಾವಿ, ವಿಜಾಪುರ ಆ ಕಡೆ ಹೋದವು, ನಾವು ಈ ಕಡೆ ಉಳಿದಿವಿ. ಮರಾಠಿ ಮ್ಯಾಲ ಸಿಟ್ಟಿಲ್ಲ, ಅದು ಅನ್ನ ಕೊಟ್ಟದ. ಆದರ ಮನಿಯೊಳಗ ಕನ್ನಡ ಬಿಟ್ಟವರು ನಾವೇ. ಸತ್ತವರಿಗೆ ಅಯ್ಯನವರು ಕನ್ನಡ ಹೇಳ್ತಾರ. ಮಕ್ಕಳಿಗೆ ಹೇಳೋರು ಯಾರು? ಇವತ್ತು ರಾತ್ರಿ ಊಟಕ್ಕ ಕೂತಾಗ ಅವರ ಜೋಡಿ ಕನ್ನಡದಾಗ ಮಾತಾಡ್ರಿ.