ಮಿಥಿಲೆಯ ವ್ಯಾಧ

ಈ ಲೋಕದಲ್ಲಿ ತಮಗೇ ಮೀಸಲಾದ ಕಾರ್ಯ ಯಾವುದೆಂದು ಅರಿಯದೆ ತೊಳಲುವ ತರುಣರನ್ನು ಕಂಡಾಗಲೆಲ್ಲ ನನಗೆ ಕೌಶಿಕನ ನೆನಪಾಗುತ್ತದೆ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಯನಿಗೆ ಹೇಳುವ ಕಥೆ ಇವನದು.

ವೇದಾಧ್ಯಯನಕ್ಕೆಂದು ತಂದೆತಾಯಿಗಳ ಅಪ್ಪಣೆಯಿಲ್ಲದೆ ಮನೆ ಬಿಟ್ಟವನು ಕೌಶಿಕ. ಮೈಮೇಲೆ ಹಿಕ್ಕೆ ಹಾಕಿದ ಕೊಕ್ಕರೆ ಇವನ ಕೋಪದ ನೋಟಕ್ಕೇ ಸತ್ತುಬಿದ್ದಿತು. ಅಷ್ಟು ತಪಸ್ಸು! ಆದರೆ ಇವನು ಭಿಕ್ಷೆಗೆ ನಿಂತ ಮನೆಯ ಗೃಹಿಣಿ, ಹಸಿದು ಬಂದ ಗಂಡನನ್ನು ಉಪಚರಿಸಿ ತಡವಾಗಿ ಹೊರಬಂದವಳು, ಆ ಕೋಪಕ್ಕೆ ಅಂಜಲಿಲ್ಲ. ತಾನು ಕೊಕ್ಕರೆಯಲ್ಲವೆಂದಳು, ಧರ್ಮವನ್ನರಿಯಲು ಮಿಥಿಲೆಯ ವ್ಯಾಧನಲ್ಲಿಗೆ ಕಳುಹಿದಳು.

ವ್ಯಾಧನು ಮಾಂಸ ಮಾರುವವನು. ತನ್ನ ಕಸುಬಿಗೆ ಅವನು ಹಿಂದಿನ ಜನ್ಮದ ಶಾಪವನ್ನು ಕಾರಣವಾಗಿ ಹೇಳುತ್ತಾನೆ. ಆ ಮಾತು ನನಗೆ ಒಪ್ಪಿಗೆಯಾಗದು. ಹುಟ್ಟಿನ ಕಸುಬೇ ಸ್ವಧರ್ಮವೆಂದು ಎಷ್ಟು ಜನರ ಬಾಳನ್ನು ನಾವು ಕಟ್ಟಿಹಾಕಿಲ್ಲ! ನನ್ನ ಮನಸ್ಸು ನಿಲ್ಲುವುದು ಅವನ ಮನೆಯಲ್ಲಿ. ಅಲ್ಲಿ ಮುದಿ ತಂದೆತಾಯಿಗಳು ಬಿಳಿಯ ಬಟ್ಟೆಯುಟ್ಟು, ಉಂಡು ತೃಪ್ತರಾಗಿ ಆಸನದಲ್ಲಿ ಕುಳಿತಿದ್ದಾರೆ. ಅವರನ್ನು ಮೀಯಿಸುವುದು, ಅವರ ಕಾಲು ತೊಳೆಯುವುದು, ಅವರಿಗೆ ಬಡಿಸುವುದು, ಎಲ್ಲವೂ ಇವನ ಕೈಯಿಂದಲೇ.

ಬಳಿಕ ವ್ಯಾಧನು ಅತಿಥಿಗೆ ಕಠಿಣವಾದ ಸುದ್ದಿಯೊಂದನ್ನು ತಿಳಿಸುತ್ತಾನೆ: ಮಗನ ಅಗಲಿಕೆಯ ದುಃಖದಿಂದ ಕೌಶಿಕನ ತಂದೆತಾಯಿಗಳು ಕುರುಡಾಗಿದ್ದಾರೆ. ವೇದವನ್ನು ಓದಬಲ್ಲವರು ಆ ಕಾಲದಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಆ ಇಬ್ಬರು ವೃದ್ಧರು ಕಾದಿದ್ದುದು ಇವನೊಬ್ಬನ ಹೆಜ್ಜೆಯ ಸಪ್ಪಳಕ್ಕೆ. ವ್ಯಾಧನು ಅಧ್ಯಾಯಗಟ್ಟಲೆ ಮಾಡಿದ ಉಪದೇಶವೆಲ್ಲ ಈ ಒಂದು ಸುದ್ದಿಯ ಮುಂದೆ ನನಗೆ ಹಗುರವಾಗಿ ತೋರುತ್ತದೆ.

ಕೌಶಿಕನು ವಾದಕ್ಕಿಳಿಯಲಿಲ್ಲ. ಆ ಮಾಂಸ ಮಾರುವವನಿಗೆ ಪ್ರದಕ್ಷಿಣೆ ಬಂದು, ಮನೆಯ ದಾರಿ ಹಿಡಿದನು.